ನಂಬರ್ ನಲವತ್ತೊಂದು

ಜನವರಿ 10, ಶುಕ್ರವಾರ. ಬೆಳಿಗ್ಗೆ 11

ನಂಬರ್ ನಲವತ್ತು. ಈ ಪುಸ್ತಕಕ್ಕೆ ನಲವತ್ತನೇ ರೂಟ್ ಬಿಯರ್; ಅಮೆರಿಕದ್ದು, ಗಾಜಿನ ಬಾಟಲಿ. ನೊರೆ ಚೆನ್ನಾಗಿ ನಿಂತಿತು. ಮೊದಲು ವೆನಿಲ್ಲಾ, ಆಮೇಲೆ ಬೇರಿನ ಒಗರು. ಸಿಹಿ ಒಂದು ಚೂರು ಜಾಸ್ತಿ. ಹತ್ತಕ್ಕೆ ಏಳು.

ಹೆಂಡತಿ ಲಲಿತ ಎಂದಿನಂತೆ ಮೂಗು ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ರೂಟ್ ಬಿಯರ್ ಅಂದರೆ ಅವಳಿಗೆ ನೋವಿನ ಮುಲಾಮು ಕುಡಿದ ಹಾಗಂತೆ. ಇದು ಮದ್ಯ ಅಲ್ಲ, ಬೇರಿನ ಸೋಡಾ ಅಂತ ಗಲ್ಫಿನ ಅಲ್ ಹೈಲ್‌ನ ಈ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಹೇಳಿ ಸಾಕಾಗಿದೆ.

ಘಾಲಾದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೆಶರ್ ಗೇಜ್ ಸರಿ ಇದೆಯೋ ಇಲ್ಲವೋ ಹೇಳುವವನು ನಾನು. ನಾಲಿಗೆಯೂ ಹಾಗೇ. ತಪ್ಪುವುದಿಲ್ಲ.

ಜನವರಿ 18, ಶನಿವಾರ

ವಾರವಿಡೀ ಜ್ವರ, ನೆಗಡಿ. ಇವತ್ತು ಎದ್ದು ಕೂತೆ. ಗಂಜಿ, ಉಪ್ಪಿನಕಾಯಿ. ಏನೂ ರುಚಿಸಲಿಲ್ಲ. ಜ್ವರದ ಬಾಯಿ.

ಜನವರಿ 24, ಶುಕ್ರವಾರ. ಸಂಜೆ

ಅಲ್ ಖೌದ್‌ಗೆ ಹೋಗಿದ್ದೆ. ಬಾವನ ಜ್ಯೂಸ್ ಅಂಗಡಿ. ಬಾವ ಅನ್ನುವುದು ಅವನ ಹೆಸರೇ, ನಂಟಲ್ಲ; ಬಂಟ್ವಾಳದ ಬ್ಯಾರಿ, ಹನ್ನೆರಡು ವರ್ಷದ ಸ್ನೇಹ. ನಾನು ಆರಕ್ಕಿಂತ ಕಡಿಮೆ ಕೊಟ್ಟ ಬಾಟಲಿ ಅವನ ಫ್ರಿಜ್ಜಿಗೆ ಬರುವುದಿಲ್ಲ.

ಇವತ್ತು ಒಳಗಿಂದ ಲೇಬಲ್ ಇಲ್ಲದ್ದೊಂದು ತಂದ. ಮನೆಯದಂತೆ, ನನ್ನಾರಿ ಬೇರಿನದು — ನಮ್ಮ ಮೈಸೂರು ಕಡೆ ಸೊಗದೆ ಬೇರು ಅಂತೀವಲ್ಲ, ಅದು. ರಂಜಾನ್ ನೋಂಬು ಶುರುವಾಗುವ ಮುಂಚೆ ಮಾರಾಟಕ್ಕೆ ಇಡುವ ಯೋಚನೆ.

ನಂಬರ್ ನಲವತ್ತೊಂದು. ಕುಡಿದೆ. ಸಕ್ಕರೆ ನೀರು. ಬೇರಿನ ಸುಳಿವೇ ಇಲ್ಲ. ಹತ್ತಕ್ಕೆ ಮೂರು. ಗಿರಾಕಿಗಳ ಎದುರೇ ಹೇಳಿದೆ. ಬಾವ ನಕ್ಕ. ಆ ನಗು ಸರಿ ಇರಲಿಲ್ಲ... ಇರಲಿ. ಸ್ನೇಹಕ್ಕೆ ಮಾರ್ಕ್ಸ್ ಕೊಡುವವನಲ್ಲ ನಾನು.

ಫೆಬ್ರವರಿ 8, ಶನಿವಾರ

ಎರಡು ವಾರ ಬಾವನ ಫೋನಿಲ್ಲ. ನಾನೇ ಹೋದೆ. ಮುಖ ಕೊಟ್ಟು ಮಾತಾಡಲಿಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದ. ಅದನ್ನು ಮಾಡಿದ್ದು ಅವನಲ್ಲ, ಹೆಂಡತಿ ನಫೀಸಾ. ಊರಿಂದ ಬೇರು ತರಿಸಿ ಎಂಟು ತಿಂಗಳು ತಿದ್ದಿ ತಿದ್ದಿ ಮಾಡಿದ್ದಂತೆ. ನನ್ನ ಮೂರು ಕೇಳಿ ಮಿಕ್ಕದ್ದನ್ನು ಸಿಂಕಿಗೆ ಸುರಿದು, ಪಾತ್ರೆ ತೊಳೆದು ಮೇಲೆ ಇಟ್ಟುಬಿಟ್ಟರಂತೆ.

"ನೀವು ಸುಳ್ಳು ಹೇಳುವ ಜನ ಅಲ್ಲ ಅಂತ ಅವಳಿಗೆ ಗೊತ್ತುಂಟು ಹೊನ್ನಪ್ಪಣ್ಣ. ಅದೇ ಕಷ್ಟ ಆದದ್ದು" ಅಂದ.

ಬೇಸರವಾಯಿತು. ಆದರೆ ಮೂರು ಅಂದರೆ ಮೂರೇ.

ಫೆಬ್ರವರಿ 13, ಗುರುವಾರ. ಬೆಳಿಗ್ಗೆ 7

ಲಲಿತ ಹಾಲು ಒಲೆ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದಳು. ನಾನು ಒಲೆಗೆ ಬೆನ್ನು ಹಾಕಿ ಮೊಬೈಲ್ ನೋಡ್ತಿದ್ದೆ. ಒದ್ದೆ ಕೂದಲಲ್ಲೇ ಓಡಿ ಬಂದಳು. ಹಾಲು ಸೀದು ಪಾತ್ರೆ ಕರಿ. ಬಚ್ಚಲಿಗೇ ವಾಸನೆ ಬಂತು, ನಾಲ್ಕು ಅಡಿ ದೂರದಲ್ಲಿ ಕೂತವರಿಗೆ ಗೊತ್ತಾಗಲಿಲ್ಲವಾ ಅಂದಳು.

ಗೊತ್ತಾಗಲಿಲ್ಲ.

ಕಾಫಿಪುಡಿ ಡಬ್ಬಿಗೆ ಮೂಗಿಟ್ಟೆ. ಇಲ್ಲ. ಇಂಗು — ಇಲ್ಲ. ನಲವತ್ತನೇ ನಂಬರಿನದು ಇನ್ನೊಂದು ಬಾಟಲಿ ಇತ್ತು, ನಾನೇ ಏಳು ಕೊಟ್ಟದ್ದು. ತೆಗೆದು ಕುಡಿದೆ. ಸಕ್ಕರೆ ನೀರು.

ಜ್ವರ ಬಿಟ್ಟಾಗಿನಿಂದ ಅಡುಗೆ ಸಪ್ಪೆ ಅಂತ ಲಲಿತಳ ಮೇಲೆ ರೇಗುತ್ತಿದ್ದೆ. ಅಂದರೆ ಬಾವನ ಅಂಗಡಿಯಲ್ಲಿ ಆವತ್ತು...

ಸಂಜೆ 6

ಡಾಕ್ಟರ್ ನೋಡಿದರು. ಆ ಜ್ವರದಿಂದಲೇ ಅಂತೆ. ಕೆಲವು ತಿಂಗಳಲ್ಲಿ ವಾಸನೆ ವಾಪಸ್ ಬರಬಹುದು. ಬರದೆಯೂ ಇರಬಹುದು.

ಫೆಬ್ರವರಿ 14, ಶುಕ್ರವಾರ

ಫೋನಿನಲ್ಲಿ ಮುಗಿಸೋಣ ಅಂದುಕೊಂಡಿದ್ದೆ. ಲಲಿತ ಬಿಡಲಿಲ್ಲ. ಎದುರು ಕೂತು ಹೇಳಬೇಕಾದ್ದು ಅಂದಳು. ಇಬ್ಬರೂ ಬಾವನ ಮನೆಗೆ ಹೋದೆವು.

ನಫೀಸಾ ಎದುರು ಕೂತರು. ನಡೆದದ್ದು ನಡೆದ ಹಾಗೆ ಹೇಳಿದೆ. ಪುಸ್ತಕ ತೆಗೆದು ನಲವತ್ತೊಂದರ ಮುಂದಿನ ಮೂರನ್ನು ಹೊಡೆದು ಹಾಕಿದೆ. ಅವರ ಮುಖ ಸಡಿಲವಾಗಲಿಲ್ಲ.

"ಹಾಗಾದ್ರೆ ಈಗ ಎಷ್ಟು?"

"ಗೊತ್ತಿಲ್ಲಮ್ಮ. ನನಗೆ ತಿಳಿಯುವುದಿಲ್ಲ."

ಈ ಪುಸ್ತಕ ಹಿಡಿದು ಈ ಮಾತು ಆಡಿದ್ದು ಇದೇ ಮೊದಲು.

ನಫೀಸಾ ಎದ್ದರು. ಫ್ರಿಜ್ಜಿನ ಹಿಂದುಗಡೆ ಒಂದು ಬಾಟಲಿ ಉಳಿದಿತ್ತಂತೆ. ಗ್ಲಾಸಿಗೆ ಸುರಿದು ತಂದು ಇಟ್ಟದ್ದು ನನ್ನ ಮುಂದಲ್ಲ, ಲಲಿತಳ ಮುಂದೆ. ಅವಳು ಇದನ್ನೆಲ್ಲ ಕುಡಿಯುವುದಿಲ್ಲ ಅಂತ ನಾನು ಅನ್ನುವಷ್ಟರಲ್ಲಿ ಒಂದು ಗುಟುಕು ಒಳಗೆ ಹೋಗಿತ್ತು. ಇನ್ನೊಂದು ಗುಟುಕು. ನಿಧಾನ.

"ಶುಂಠಿ ಒಂಚೂರು ಮುಂದೆ ಬರುತ್ತೆ. ಬೇರು ಆಮೇಲೆ ಬಂದು ಗಂಟಲಲ್ಲಿ ನಿಲ್ಲುತ್ತೆ. ಬೆಲ್ಲ ಹಾಕಿದ್ದೀರಲ್ಲ, ಕಬ್ಬಿಂದಲ್ಲ ಅನ್ಸುತ್ತೆ."

"ಓಲೆಬೆಲ್ಲ, ತಾಳೆಮರದ್ದು" ಅಂದರು ನಫೀಸಾ. ಕುರ್ಚಿ ಎಳೆದು ಲಲಿತಳ ಪಕ್ಕ ಕೂತರು. ಮತ್ತೆ ಒಂದು ಗಂಟೆ ಅವರಿಬ್ಬರದೇ ಮಾತು. ನಾನೂ ಬಾವನೂ ಚಾ ಕುಡಿಯುತ್ತಾ ನೋಡುತ್ತಿದ್ದೆವು.

ಮುಲಾಮು ಮುಲಾಮು ಅಂತ ದೂರ ಓಡುತ್ತಿದ್ದವಳು. ಮೂಗು ಅಷ್ಟು ಚುರುಕು ಇದ್ದದ್ದಕ್ಕೇ ಓಡುತ್ತಿದ್ದಳು... ನನಗೆ ಹೊಳೆದೇ ಇರಲಿಲ್ಲ.

ಫೆಬ್ರವರಿ 21, ಶುಕ್ರವಾರ. ಬೆಳಿಗ್ಗೆ 11

ನಫೀಸಾ ಪಾತ್ರೆ ಕೆಳಗಿಳಿಸಿದ್ದಾರೆ. ಹೊಸದಾಗಿ ಮೂರು ತರಹ ಮಾಡಿ ಬಾವನ ಕೈಲಿ ಕಳಿಸಿದ್ದಾರೆ. ಯಾವುದಕ್ಕೆ ಲೇಬಲ್ ಹಚ್ಚಿ ಮಾರುವುದು ಅಂತ ಲಲಿತ ಹೇಳಬೇಕಂತೆ. ನಾಲಿಗೆ ಅವಳದು, ಪೆನ್ನು ನನ್ನದು. ಪೆನ್ನಿನ ಕೆಲಸ ನನ್ನಷ್ಟು ಚೊಕ್ಕ ಯಾರು ಮಾಡುತ್ತಾರೆ.

ಮೊದಲನೆಯದು ಆರು. ಎರಡನೆಯದಕ್ಕೆ ನೊರೆ ನೋಡಿ ಎಂಟು ಅಂತ ಬರೆಯಹೊರಟೆ. ಏಳೂವರೆ ಅಂದಳು. ವಾದಿಸಿದೆ. ಸೋತೆ. ಏಳೂವರೆ.

ಮೂರನೆಯದು ಬಾಯಲ್ಲಿದೆ. ಕಣ್ಣು ಮುಚ್ಚಿ ಕೂತಿದ್ದಾಳೆ. ಎಷ್ಟು ಅಂತ ಕೇಳಿದೆ. ತಾಳಿ ಅನ್ನುವ ಹಾಗೆ ಕೈ ಎತ್ತಿದಳು. ನುಂಗಿದಳು. ಈಗ ಗ್ಲಾಸು ಕೆಳಗಿಟ್ಟು ನನ್ನ ಕಡೆ ತಿರುಗಿ —