ಅತ್ತೆ ಹೇಳಿದ ‘ಇಲ್ಲು’

ಗೋಮಾಳದ ಮನೆ, ಕ್ಯಾತಗಾನಚೆರ್ಲು ಬಳಿ
೧೬ ಜುಲೈ ೨೦೨೪

ಪ್ರೀತಿಯ ಸಹನಾಳ ಅಪ್ಪನಿಗೆ,

ಹೇಗಿದ್ದೀರಿ? ಬೋರ್‌ವೆಲ್ ಲಾರಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಬಿಸಿನೀರು ಕುಡಿಯಿರಿ. ಫೋನಿನಲ್ಲಿ ನೀವು ‘ಹೂಂ’ ಬಿಟ್ಟು ಬೇರೇನೂ ಆಡುವುದಿಲ್ಲ, ಅದಕ್ಕೇ ಈ ಕಾಗದ. ನಾಳೆ ನಿಮ್ಮ ಲಾರಿಗೇ ಕೆಲಸಕ್ಕೆ ಹೊರಟಿರುವ ಪಕ್ಕದ ಮನೆ ಪರಮೇಶ್ ತಂದುಕೊಡುತ್ತಾನೆ.

ನಾವು ಈ ಹುಲ್ಲುಬಯಲಿಗೆ ಬಂದು ಒಂಬತ್ತು ತಿಂಗಳಾಯಿತು. ಆರೇ ಮನೆ, ಒಂದೂ ಮರವಿಲ್ಲ, ಮೇಲೆ ಆಷಾಢದ ಗಾಳಿ. ಚಪ್ಪಡಿ ಗೋಡೆಯ ಸಂದಿಗೆ ನಾನು ಮೆತ್ತಿದ ಕೆಮ್ಮಣ್ಣು ಗಟ್ಟಿಯಾಗಿ ನಿಂತಿದೆ. ಶೀಟು ಹಾರದಂತೆ ಹೇರಿದ ಕಲ್ಲುಗಳನ್ನು ಅತ್ತೆ ದಿನಾ ಎಣಿಸುತ್ತಾರೆ, ಯಾರೋ ಕದಿಯುತ್ತಾರೆ ಅನ್ನುವ ಹಾಗೆ! ಟ್ಯಾಂಕರು ಬರುವುದು ಎರಡು ದಿನಕ್ಕೊಮ್ಮೆ. ಪಾತ್ರೆ ತೊಳೆದ ನೀರು ಕುಡಿದೇ ನುಗ್ಗೆಕಡ್ಡಿ ಚಿಗುರಿದೆ. ‘ಮನೆಗೆ ನಂಬರು ಸಿಗಲಿ, ಆಮೇಲೆ ಬಾಗಿಲು’ ಅಂದಿದ್ದಿರಲ್ಲ, ಇನ್ನೂ ಗೋಣಿಯ ಪರದೆಯೇ. ಬೀದಿನಾಯಿ ನೆಂಟರ ಹಾಗೆ ಬಂದುಹೋಗುತ್ತದೆ.

ಈಗ ಆದದ್ದು ಕೇಳಿ. ಹೋದ ವಾರ ಪಂಚಾಯಿತಿಯ ಕಡೆಯಿಂದ ಮನೆಗಳನ್ನು ಬರೆದುಕೊಳ್ಳಲು ನಾಗಭೂಷಣ್ ಎಂಬುವರು ಬಂದಿದ್ದರು. ಸಿರಾ ಕಡೆಯವರು, ತೆಲುಗು ಬಾರದು. ನಾನು ಕಡ್ಲೇಕಾಯಿ ಬಿತ್ತನೆಗೆ ಹೋಗಿದ್ದೆ. ಅವರು ನಾಯಿಗೆ ಹೆದರಿ ಸ್ಕೂಟರಿನಿಂದ ಇಳಿಯದೆ, ದಾರಿಯಿಂದಲೇ ‘ಅಜ್ಜೀ, ಮನೆ?’ ಎಂದು ಕೂಗಿದರಂತೆ. ಅತ್ತೆ ಗೋಡೆ ತಟ್ಟಿ, ಹೆಮ್ಮೆಯಿಂದ ‘ಇಲ್ಲು! ಮಾ ಇಲ್ಲು!’ ಅಂದರಂತೆ. ನಿಮಗೆ ಗೊತ್ತಲ್ಲ, ಹಿಗ್ಗಿದರೆ ಅತ್ತೆಯ ಬಾಯಿಗೆ ಕನ್ನಡ ಬಿಟ್ಟು ತೆಲುಗೇ ಬರುವುದು; ಅವರು ಹೇಳಿದ್ದು ‘ನಮ್ಮ ಮನೆ’ ಅಂತ. ಆ ಗಾಳಿಯಲ್ಲಿ ನಾಗಭೂಷಣ್ ಕಿವಿಗೆ ಬಿದ್ದದ್ದು ‘ಇಲ್ಲ’. ಪಂಚಾಯಿತಿಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ನಿಮ್ಮ ಹೆಸರು, ನರಸಿಂಹರಾಜು. ಅದರ ಮುಂದೆ, ಮನೆ: ಇಲ್ಲ.

ಮೊದಲು ನಗು ಬಂತು, ಆಮೇಲೆ ತಲೆ ಕೆಟ್ಟಿತು. ‘ಸುಮ್ಕಿದ್ಬುಡಕ್ಕ, ಮನೆ ಇಲ್ದೋರ್ಗೆ ವೈ.ಎನ್.ಹೊಸಕೋಟೇಲಿ ಮನೆ ಕೊಡ್ತಾರಂತೆ. ನಲ್ಲಿ ಐತೆ, ಇಸ್ಕೂಲ್ ಪಕ್ದಾಗೇ ಐತೆ’ ಅನ್ನುತ್ತಾನೆ ಪರಮೇಶ್. ‘ಇದೆ’ ಎಂದು ತಿದ್ದಿಸಿದರೆ ಇಲ್ಲೇ ನಂಬರು, ಇಲ್ಲೇ ಗಾಳಿ. ಸಹನಾ ಶಾಲೆಗೆ ಮೂರು ಮೈಲಿ ನಡೆಯುವುದನ್ನು ನೋಡಿದರೆ ಸುಮ್ಮನಿದ್ದುಬಿಡೋಣ ಅನಿಸುತ್ತದೆ. ಆದರೆ ಹುಟ್ಟಿದಾಗಿನಿಂದ ಇನ್ನೊಬ್ಬರ ಹಿತ್ತಲಲ್ಲಿ ಇದ್ದವಳು ನಾನು. ಗೋಡೆಯ ಮೇಲೆ ನನ್ನದೇ ಬೆರಳಿನ ಗುರುತು ಕಂಡರೆ ಅದರ ಮೇಲೇ ಮತ್ತೆ ಬೆರಳಿಟ್ಟು ನೋಡುತ್ತೇನೆ. ಅತ್ತೆಯಂತೂ ‘ಮನ್ಯಾಗೇ ಕುಂತ್ಕಂಡು ಮನೆ ಇಲ್ಲ ಅಂತ ಹೆಂಗಂತೀಯೇ?’ ಎಂದು ಊಟ ಬಿಟ್ಟರು. ಮಧ್ಯಾಹ್ನ ತಿಂದರು, ಗಾಬರಿಯಾಗಬೇಡಿ. ಪಟ್ಟಿ ಸರಿಯಿದೆಯೇ ಎಂದು ಕೇಳಲು ನಾಗಭೂಷಣ್ ಈ ವಾರದಲ್ಲೇ ಮತ್ತೆ ಬರುತ್ತಾರಂತೆ. ಏನು ಹೇಳಲಿ? ಈ ಸಲವಾದರೂ ‘ಹೂಂ’ ಅನ್ನಬೇಡಿ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಸಹನಾ ಮುತ್ತು ಕಳಿಸಿದ್ದಾಳೆ.

ತಲೆ ಕೆಟ್ಟು ಕುಳಿತಿರುವ ನಿಮ್ಮ
ಯಶೋಧರಾ

ಮರುದಿನದ ಮಾತು: ಬೆಳಿಗ್ಗೆ ಬರೆಯುತ್ತಿದ್ದೇನೆ, ಪರಮೇಶ್ ಹೊರಟು ನಿಂತಿದ್ದಾನೆ. ನಾಗಭೂಷಣ್ ಆಗಲೇ ಬಂದುಹೋದರು. ‘ಮನೆ?’ ಅಂದರು. ಯೋಚಿಸಿದ್ದೆಲ್ಲ ಮರೆತು ನನ್ನ ಬಾಯಲ್ಲೂ ಬಂದದ್ದು ‘ಇಲ್ಲು’! ಪೆನ್ನು ಹಿಡಿದೇ ‘ಯಾವ್ ಭಾಷೇಲಿ ಹೇಳ್ತಿದೀಯಮ್ಮ?’ ಎಂದು ಕೇಳಿದರು. ಗೋಡೆ ತಟ್ಟಿ ‘ನಮ್ಮತ್ತೆ ಭಾಷೇಲಿ’ ಅಂದೆ. ‘ಇದೆ’ ಎಂದು ತಿದ್ದಿಕೊಂಡು ಹೋದರು. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಪರಮೇಶನ ಕೈಯಲ್ಲಿ ಒಂದು ದಾರ ಕಳಿಸಿದ್ದೇನೆ, ಎಸೆಯಬೇಡಿ. ಗಂಟಿನವರೆಗೆ ಬಾಗಿಲಿನ ಎತ್ತರ, ಅಲ್ಲಿಂದಾಚೆ ಅಗಲ.