ಗುಳಂಬದ ಒಲಿ ಮುಂದ ತಾಯವ್ವ ಹೇಳಿದ್ದು

ತಿಕೋಟಾ
ರವಿವಾರ, ೧೮ ಮೇ ೧೯೭೫

ಪ್ರೀತಿಯ ಮಗಳು ಸಕೀನಾಗ ನಿನ್ನ ಅಮ್ಮಾ ಹಾಜಿರಾಬಿ ಮಾಡೂ ಸಲಾಮು, ನೂರು ದುವಾ.

ಮೊದಲ ನಿನ್ನ ಮೈ ಹ್ಯಾಂಗೈತಿ ಹೇಳು. ನಿದ್ದಿ ಬರತೈತೇನು? ಗುಳಿಗಿ ತಗೊಂಡ ಮ್ಯಾಲ ಕೈ ನಡಗತಾವ ಅಂತ ಹೋದ ಸಲ ಅಂದಿದ್ದಿ, ಈಗ ಕಡಿಮಿ ಆಗೈತೇನು? ಧಾರವಾಡದ ದವಾಖಾನ್ಯಾಗ ದಿನಾ ಅನ್ನಾನ ಹಾಕತಾರ, ರೊಟ್ಟಿ ಇಲ್ಲದ ನಿನ್ನ ಹೊಟ್ಟಿ ತುಂಬೂದಿಲ್ಲ, ನನಗ ಗೊತ್ತೈತಿ. ಆದರೂ ಬಿಡಬ್ಯಾಡ, ಉಣ್ಣು. ಇಲ್ಲೆ ನಿನ್ನ ಅಬ್ಬಾ ಅರಾಮ ಅದಾರ, ಮೊಳಕಾಲ ನೋವು ಒಂದ ಬಿಟ್ಟು. ಕೂಸು ಲಾಡಲೇಸಾಬ ಅಗದಿ ಅರಾಮ ಅದಾನ. ಹಲ್ಲು ಬಂದಾವ, ಕಂಡಕಂಡದ್ದು ಕಡೀತಾನ. ಮೊದಲ ಹೊರಸು ಹಿಡಕೊಂಡು ನಿಂದರತಿದ್ದ, ಈಗ ಕೈ ಬಿಟ್ಟು ನಡೀತಾನ. ಅಂಗಳದಾಗ ಕೋಳಿ ಬೆನ್ನ ಹತ್ತಿ ಹೋಗಿ ಬೀಳತಾನ, ತಾನ ಏಳತಾನ. ಬಿಸಲಿಗೆ ಕುತಗಿ ತುಂಬ ಬೆವರುಗುಳ್ಳಿ ಎದ್ದಿದ್ದವು, ಗಂಧ ತೇದು ಹಚ್ಚಿದೆ, ಇಳದಾವ. ಅದರ ಕಾಳಜಿ ಮಾಡಬ್ಯಾಡ.

ನಾಕನೇತ್ತೆ ಕಲತ ಕೈ ನಂದು, ಅಕ್ಷರ ಸೊಟ್ಟ ಅದಾವ, ನೀ ಸಾವಕಾಶ ಓದು. ಇದನ್ನ ಬರಿಯೂ ಮುಂಚೆ ಭಾಳ ವಿಚಾರ ಮಾಡೇನಿ. ಹೋದ ಸಲ ನಿನ್ನ ನೋಡಾಕ ಬಂದಾಗ ಅಲ್ಲಿಯ ಡಾಕ್ಟರಬಾಯಿ ನನ್ನ ಬಾಜೂಕ ಕುಂದರಿಸಿಕೊಂಡು, "ಅಮ್ಮಾ, ಆಕಿ ಮುಂದ ಏನೂ ಮುಚ್ಚಿಡಬ್ಯಾಡ್ರಿ. ನೀವು ಮುಚ್ಚಿಟ್ಟದ್ದನ್ನ ಆಕಿ ಮನಸಿನಾಗ ಹತ್ತು ಪಟ್ಟು ಮಾಡಿಕೋತಾಳ" ಅಂದಿದ್ದರು. ಅದಕ್ಕ ಎಲ್ಲಾ ಬರೀತೇನಿ. ಇದರಾಗ ನಿನಗ ನೋವಾಗೂ ಮಾತು ಐತಿ, ನೆಮ್ಮದಿ ಆಗೂ ಮಾತೂ ಐತಿ. ನಡುವ ಬಿಡಬ್ಯಾಡ, ಕಡೀತನಕ ಓದು.

ಈ ವರ್ಷ ಗುಳಂಬ ಮಾಡೂ ಮನಸು ನನಗ ಇದ್ದಿಲ್ಲ. ಹೋದ ವರ್ಷ ಮಾವಿನಕಾಯಿ ಬಂದಾಗ ನೀ ಬಾಣಂತಿ, ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ದಿ. ಕರದರ ಓ ಅನ್ನತಿದ್ದಿಲ್ಲ, ಕೂಸು ಅತ್ತರ ಹೊಳ್ಳಿ ನೋಡತಿದ್ದಿಲ್ಲ. ತಾಯವ್ವ ತಂದಿಟ್ಟ ಕಾಯಿ ಬುಟ್ಟ್ಯಾಗ ಕೊಳತು ಹೋದವು. ಈ ಸಲಾನೂ ತಾಯವ್ವನ ತಂದಳು. ನಮ್ಮ ಹೊಲದ ಬದುವಿನ ಆಚೆ ಆಕಿ ಹೊಲ, ಆಕಿ ಬಾವಿ, ಬಾವಿ ಮಗ್ಗಲ ಆ ಒಂದ ಮಾವಿನ ಗಿಡ. ಗಿಡಾ ಅಷ್ಟ ಹುಳಿ ಕಾಯಿ ಬಿಡತೈತಿ, ಆಕಿ ಮಾತಿನಂಗ. "ಹಾಜಿರಾ, ಮಾರಿ ಸಣ್ಣ ಮಾಡಿಕೊಂಡು ಕುಂತರ ಕಾಯಿ ಕಾಯತಾವೇನ? ಒಲಿ ಹಚ್ಚು" ಅಂದಳು. ಹಿತ್ತಲದಾಗ ಯಾವಾಗಿನಂಗ ಜೋಡೊಲಿ ಹಚ್ಚಿದಿವಿ, ಆಕಿ ಪಾತೇಲಿ ಆಕೀದು, ನಮ್ಮ ಪಾತೇಲಿ ನಮ್ಮದು, ಬೆಂಕಿ ಇಬ್ಬರದೂ. ಹೆರಿಯೂ ಕೆಲಸ ನಿಂದಿತ್ತು, ಈ ಸಲ ಅಬ್ಬಾ ಕುಂತರು. ಕಾಯಿಗಿಂತ ತಮ್ಮ ಕೈಬಟ್ಟ ಹೆಚ್ಚು ಹೆರಕೊಂಡರು, ಹುಳಿ ಹತ್ತಿದಾಗ ಹಲ್ಲು ಕಡದರೂ ಎದ್ದು ಹೋಗಲಿಲ್ಲ. ಲಾಡಲೇಸಾಬ ಒಂದು ಹೋಳು ಬಾಯಾಗ ಇಟಗೊಂಡು ಕಣ್ಣು ಮುಚ್ಚಿ ಮೈ ಎಲ್ಲಾ ಜುಮ್ಮ ಅಂದು, ಮತ್ತ ಅದನ್ನ ಬೇಡಿದ. ಅಗದಿ ನಿನ್ನಂಗ. ನೀನೂ ಸಣ್ಣಾಕಿದ್ದಾಗ ಬೆಲ್ಲಾ ಹಾಕೂ ಮುಂಚೆನ ಅರ್ಧಾ ತಿಂದು ಮುಗಸತಿದ್ದಿ, ಆಮ್ಯಾಲ ಪಾಕದ ಮುಂದ ಕುಂತು ಬಟ್ಟಿಗೆ ಹಚ್ಚಿ ನೋಡಿ "ಅಮ್ಮಾ, ಎಳಿ ಬಂತು" ಅಂತ ಒದರತಿದ್ದಿ. ನನ್ನ ಕಣ್ಣಿಗಿಂತ ನಿನ್ನ ಬಟ್ಟ ಖರೆ ಹೇಳತಿತ್ತು.

ಬೆಲ್ಲಾ ಕರಗಿ ಕುದಿಯೂ ಹೊತ್ತಿಗೆ ನಿನ್ನ ಗಂಡ ಅಲ್ಲಾಉದ್ದೀನ ಬಂದ. ವಿಜಾಪುರದಿಂದ ಸಾಯಕಲ್ ಮ್ಯಾಲ, ಅಂಥಾ ಬಿಸಲಾಗ. ಸ್ಟೇಷನ್ ರಸ್ತೆದಾಗಿನ ಅಂಗಡಿ ಮುಚ್ಚಿ ಬಂದಾನ ಅಂದಾಗನ ಏನೋ ದೊಡ್ಡ ಮಾತ ಐತಿ ಅಂತ ನನಗ ತಿಳೀತು. ಪಾಕ ಬಿಟ್ಟು ಏಳೂ ಹಂಗಿದ್ದಿಲ್ಲ, ಅದಕ್ಕ ಅಬ್ಬಾ ಅವನ್ನ ಹಿತ್ತಲಕ್ಕ ಕರಕೊಂಡು ಬಂದು ಹೊರಸಿನ ಮ್ಯಾಲ ಕುಂದರಿಸಿದರು. ನೀರು ಕುಡದ. ಆಮ್ಯಾಲ ಅಂದ: "ಮಾವಾರ, ದವಾಖಾನಿಯವರು ಆಕಿಗೆ ನೆಟ್ಟಗಾಗೈತಿ, ಕರಕೊಂಡು ಹೋಗ್ರಿ ಅಂತ ನನಗ ಬರದಾರ. ನೀವ ಹೋಗಿ ಕರಕೊಂಡು ಬರ್ರಿ. ನಮ್ಮವ್ವ ಬಬಲೇಶ್ವರದಾಗ ಹುಡಗೀನ ನೋಡ್ಯಾಳ. ಮುಂದಿನ ತಿಂಗಳ ನಿಕಾಹ್."

ಸಕೀನಾ, ಇದನ್ನ ಎರಡ ಸಲ ಓದಬ್ಯಾಡ. ಒಂದ ಸಲ ಓದು, ಸಾಕು. ಜೋರಾಪುರ ಪೇಟಿಯ ಗಂಡನ ಮನಿ ಇನ್ನ ಮ್ಯಾಲ ನಿಂದಲ್ಲ. ಅವನ್ನ ಶಾಪಾ ಹಾಕೂ ಮನಸು ನನಗ ಬಂದಿತ್ತು, ಸುಳ್ಳ ಯಾಕ ಹೇಳಲಿ. ಆದರ ಅವ ಅದನ್ನ ಅನ್ನುವಾಗ ಅವನ ಕಣ್ಣಾಗ ನೀರಿತ್ತು, ಅದನ್ನೂ ನೋಡೇನಿ. ತಾಯಿ ಮಾತು ಮೀರೂ ಗಟ್ಟಿತನ ಅವಗ ಅಲ್ಲಾ ಕೊಟ್ಟಿಲ್ಲ, ಅಷ್ಟ.

ಅಷ್ಟಕ್ಕ ಮುಗದಿದ್ದರ ನಾ ಸುಮ್ಮನ ಪಾಕ ತಿರುವುತಿದ್ದೆ. ಅವ ಲಾಡಲೇಸಾಬನ್ನ ಎತ್ತಿಕೊಂಡು, "ಇವನ್ನ ಇವತ್ತ ಒಯ್ಯತೇನಿ. ಇವ ನಮ್ಮ ಮನಿ ಕೂಸು" ಅಂದ. ಕೂಸು ಹೊಸಾ ಮಾರಿ ನೋಡಿ ಚಿಟ್ಟನ ಚೀರಿತು. ಅಬ್ಬಾ ಎದ್ದು ನಿಂತರು. ಜೀವನದಾಗ ಯಾರಿಗೂ ದನಿ ಏರಿಸಿದವರಲ್ಲ, ನಿನಗ ಗೊತ್ತು. ಅವತ್ತೂ ಏರಸಲಿಲ್ಲ. "ತಮ್ಮಾ, ಅವನ ತಾಯಿ ಸತ್ತಿಲ್ಲ. ಆಕಿ ಬರತಾಳ, ಆಕೀನ ಕೇಳಿ ಒಯ್ಯಿ" ಅಂದರು. ಅಲ್ಲಾಉದ್ದೀನನ ಮಾರಿ ಕೆಂಪಗಾತು. "ಆಕೀನ ಏನ ಕೇಳೂದ್ರಿ? ಕೂಸಿನ್ನ ಹಿಡಕೊಂಡು ಬಾವಿ ಕಟ್ಟಿ ಮ್ಯಾಲ ಕುಂತಾಕಿ. ಅವತ್ತ ತಾಯವ್ವ ಹೋಗಿ ಕಸಗೊಳ್ಳಲಿಲ್ಲಂದ್ರ ಇವ ಎಲ್ಲಿರತಿದ್ದ? ಅಂಥಾಕಿ ಕೈಯಾಗ ಮತ್ತ ಹ್ಯಾಂಗ ಕೊಡಲಿ?" ಅಂದ.

ಊರಾಗ ಎಲ್ಲಾರೂ ಹಂಗ ಅಂದಿದ್ದರು, ನಾವೂ ಹಂಗ ತಿಳಕೊಂಡಿದ್ದಿವಿ. ಆ ದಿನ ನಾ ಬಾವಿಗೆ ಓಡಿ ಬರೂದರಾಗ ಕೂಸು ತಾಯವ್ವನ ಬಗಲಾಗಿತ್ತು, ನೀ ನೆಲದ ಮ್ಯಾಲ ಕುಂತಿದ್ದಿ. ನಾ ಬ್ಯಾರೆ ಏನೂ ನೋಡಿದ್ದಿಲ್ಲ. ಹೋದ ಸಲ ದವಾಖಾನ್ಯಾಗ ನೀ ನನ್ನ ಕೈ ಹಿಡದು ಅದೊಂದ ಮಾತು ಕೇಳಿದಿ: "ಅಮ್ಮಾ, ನಾ ಕೂಸಿಗೆ ಏನರ ಮಾಡಾಕ ಹೋಗಿದ್ದೆನೇನ? ನನಗ ನೆನಪಿಲ್ಲ." ನಾ ಇಲ್ಲ ಅಂದೆ. ನೀ ನಂಬಲಿಲ್ಲ, ನನ್ನ ಮಾರಿ ನೋಡಿ ಕೈ ಬಿಟ್ಟಿ. ಹ್ಯಾಂಗ ನಂಬತಿ, ನನಗ ಗೊತ್ತಿಲ್ಲದ್ದನ್ನ ನಾ ಹೇಳಿದ್ದೆ.

ಆಗ ತಾಯವ್ವ ತನ್ನ ಪಾತೇಲಿ ಒಲಿಯಿಂದ ಇಳಸಿದಳು. ಸೆರಗಿಗೆ ಕೈ ಒರಸಿಕೊಂಡು ಅಲ್ಲಾಉದ್ದೀನನ ಮುಂದ ಬಂದು ನಿಂತಳು. ಆಕಿ ಅಂದದ್ದು ಅಂದಂಗ ಬರೀತೇನಿ, ನನ್ನದೊಂದು ಅಕ್ಷರಾನೂ ಸೇರಿಸಿಲ್ಲ. "ಯಪ್ಪಾ, ನಾ ಕಸಗೊಂಡೆ ಅಂತ ಯಾರು ಹೇಳಿದರು ನಿನಗ? ನಾ ಎಮ್ಮಿಗೆ ನೀರು ಸೇದಾಕ ಹೋಗಿದ್ದೆ. ಆಕಿ ಕಟ್ಟಿ ಮ್ಯಾಲ ಕುಂತಿದ್ದಳು, ಖರೆ. ಕೂಸಿನ್ನ ಸೆರಗಿನಾಗ ಸುತ್ತಿ ಎದಿಗೆ ಅವಚಿಕೊಂಡಿದ್ದಳು, ಎರಡೂ ಕೈಲೆ. ನನ್ನ ನೋಡಿದ ಕೂಡಲೆ, 'ತಾಯವ್ವಾ, ಇವನ್ನ ತಗೋ. ಲಗೂ ತಗೋ. ನನಗ ನನ್ನ ಮ್ಯಾಲ ಭರೋಸಾ ಇಲ್ಲ' ಅಂದಳು. ತಾನ ನನ್ನ ಕೈಯಾಗ ಇಟ್ಟಳು. ಇಟ್ಟ ಮ್ಯಾಲ ಕಟ್ಟಿ ಇಳದು, ಬಾವಿ ಕಡೆ ಬೆನ್ನು ಮಾಡಿ ಕುಂತು ಅತ್ತಳು. ತನಗ ತಾನ ತಿಳೀಲಾರದ ಹೊತ್ತಿನಾಗೂ ಕೂಸು ಉಳಸಿದಾಕಿ ಆಕಿ. ಮಂದಿ ಏನೇನೋ ಅಂದರು. ಖರೆ ಏನಂತ ನನ್ನ ಯಾರು ಬಂದು ಕೇಳಿದಿರಿ? ನೀ ಗಂಡ ಆಗಿ ಕೇಳಿದೇನು?"

ಕೂಸು ಅಳತಾನ ಇತ್ತು. ಅಲ್ಲಾಉದ್ದೀನ ಕೂಸಿನ್ನ ಕೆಳಗ ಇಳಿಸಿದ, ಅದು ಓಡಿ ಬಂದು ನನ್ನ ಕಾಲಿಗೆ ತೆಕ್ಕಿ ಬಡೀತು. ಅವ ಚಪ್ಪಲಿ ಮೆಟ್ಟಿಕೊಂಡು, "ಇವ ಇಲ್ಲೆ ಇರಲಿ, ಆಕಿ ಹಂತ್ಯಾಕ. ನಾ ಕೇಳಾಕ ಬರೂದಿಲ್ಲ" ಅಂದ. ಅಬ್ಬಾ ಊಟಾ ಮಾಡಿ ಹೋಗು ಅಂದರು, ಅವ ನಿಲ್ಲಲಿಲ್ಲ. ಸಾಯಕಲ್ ಹತ್ತಲಿಲ್ಲ, ಓಣಿ ಮುಗಿಯೂತನಕ ಕೈಯಾಗ ಹಿಡಕೊಂಡು ನಡಕೋತ ಹೋದ. ಅವ ಹೋದ ಮ್ಯಾಲ ನಾ ಒಲಿ ಮುಂದ ಕುಂತು ಅತ್ತೆ. ಇಷ್ಟು ತಿಂಗಳು ನಾ ಮಗಳನ್ನ ಹೆತ್ತೂ ಆಕಿ ಮ್ಯಾಲ ಒಳಗೊಳಗ ಅಂಜಿಕಿ ಇಟಗೊಂಡಿದ್ದೆನಲ್ಲ ಅಂತ ಅತ್ತೆ. ತಾಯವ್ವ ಬೈಲಿಲ್ಲ, ಬಾಜೂಕ ಕುಂತಳು. ಅಷ್ಟರಾಗ ನಮ್ಮ ಪಾಕ ಎಳಿ ದಾಟಿ ಹೋಗಿತ್ತು. ಗುಳಂಬ ಕಲ್ಲಾಗೈತಿ, ಕರ್ರಗೂ ಆಗೈತಿ. ತಾಯವ್ವಂದು ಚಲೋ ಇಳದೈತಿ. ತನ್ನ ಭರಣಿಯಿಂದ ಅರ್ಧಾ ತಗದು, "ಇದು ಸಕೀನಾಗ" ಅಂತ ಇಟ್ಟು ಹೋಗ್ಯಾಳ.

ಬರೂ ಶನಿವಾರ ಅಬ್ಬಾ ಧಾರವಾಡಕ್ಕ ಬರತಾರ, ನಿನ್ನ ಕರಕೊಂಡು ಬರಾಕ. ಈ ಕಾಗದಾ ಅವರ ಕೈಯಾಗ ಕೊಡಬಹುದಿತ್ತು. ಆದರ ಅವರು ಬರೂದರಾಗ ನೀ ಓದಿ, ಅಳೂವಷ್ಟು ಅತ್ತು, ಮುಖಾ ತೊಳಕೊಂಡು ಕುಂತಿರಬೇಕು, ಅದಕ್ಕ ಟಪಾಲಿಗೆ ಹಾಕಾಕತ್ತೇನಿ. ಅವರ ಮುಂದ ಅತ್ತರ ಅವರು ತಡಕೊಳ್ಳೂದಿಲ್ಲ. ಡಾಕ್ಟರಬಾಯಿಗೆ ನನ್ನ ಸಲಾಮು ಹೇಳು. ನಿನ್ನ ಬಾಜೂ ಖಾಟಿನ ಆ ಮುದಕಿಗೆ ಒಂದು ಮಾತು ಹೇಳಿ ಬಾ, ಸುಮ್ಮನ ಎದ್ದು ಬರಬ್ಯಾಡ, ಆಕಿಗೆ ಯಾರೂ ಬರೂದಿಲ್ಲ ಅಂದಿದ್ದಿ. ಬಸ್ಸಿನಾಗ ಕಿಡಕಿ ಮಗ್ಗಲಾ ಕುಂದರು, ತಲಿ ತಿರಗೂದಿಲ್ಲ. ಅಲ್ಲಾ ನಿನ್ನ ನೆತ್ತಿ ಮ್ಯಾಲ ಕೈ ಇಡಲಿ, ನಿನ್ನ ಮನಸಿಗೆ ತಂಪು ಕೊಡಲಿ.

ನಿನ್ನ ಹಾದಿ ನೋಡೂ
ಅಮ್ಮಾ, ಹಾಜಿರಾಬಿ

ತಾ.ಕ.: ಅಬ್ಬಾ ಈ ಕಾಗದಾ ಟಪಾಲಿಗೆ ಹಾಕಾಕ ವಿಜಾಪುರಕ್ಕ ಹೊಂಟಾರ, ಬಸ್ಸಿಗೆ ಹೊತ್ತಾತು ಅಂತ ಬಾಗಲದಾಗ ನಿಂತಾರ, ಲಗೂ ಲಗೂ ಬರೀತೇನಿ. ಮ್ಯಾಲ ಬರಿಯಾಕ ಕೈ ಬರಲಿಲ್ಲ. ಕೂಸಿಗೆ ಮಾತು ಬಂದೈತಿ. ಅದು ನನ್ನ ಅಮ್ಮಾ ಅಂತೈತಿ. ನಾನಿ ಅನ್ನೋ ಅಂತ ದಿನಾ ತಿದ್ದತೇನಿ, ಕೇಳವಲ್ದು. ನೀ ಬಂದ ದಿನ ಅವ ನಿನ್ನ ಕಡೆ ಬರಲಿಕ್ಕಿಲ್ಲ. ಎತ್ತಿಕೊಂಡರ ಒದೀತಾನ, ನನ್ನ ಹೆಸರು ಹಿಡದು ಅಳತಾನ, ಆ ಹೆಸರು ನಿಂದು. ಆವಾಗ ಎದಿ ಒಡಕೋಬ್ಯಾಡ, ನಾ ಬರಬಾರದಾಗಿತ್ತು ಅನ್ನಬ್ಯಾಡ. ಅಂಗಳದಾಗ ನೆಲದ ಮ್ಯಾಲ ಕುಂದರು. ಕರೀಬ್ಯಾಡ, ಕೈ ಚಾಚಬ್ಯಾಡ, ಸುಮ್ಮನ ಕುಂದರು. ನಾ ಒಳಗ ಹೋಗಿ ಅಗಳಿ ಹಾಕ್ಕೋತೇನಿ. ಎಷ್ಟ ಬಡೀಲಿ, ಎಷ್ಟ ಅಳಲಿ, ಅವ ನಿನ್ನ ತೊಡಿ ಮ್ಯಾಲ ಬಂದು ಕುಂದ್ರೂತನಕ ನಾ ಕದಾ ತೆಗಿಯೂದಿಲ್ಲ.