ರಸಮಟ್ಟದ ಗುಳ್ಳೆ

ಲೀಡ್ಸ್,
ಮಾರ್ಚ್ 9, ಭಾನುವಾರ

ಅಪ್ಪ,

ಲಕೋಟೆಯ ಮೇಲೆ ನಿನ್ನ ಹೆಸರೊಂದೇ ಇದೆ, ನೋಡಿಕೋ. ಫೋನ್ ಮಾಡಿದಾಗಲೆಲ್ಲ "ಆರಾಮಾ? ಹ್ಞೂಂ, ತಡಿ, ನಿಮ್ಮಮ್ಮಂಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತೀಯ. ಕಾಗದದಲ್ಲಿ ಆ ಸೌಕರ್ಯವಿಲ್ಲ ಎಂದೇ ಕಾಗದ ಬರೆಯುತ್ತಿದ್ದೇನೆ.

ಮೊದಲು ಕ್ಷೇಮ ಸಮಾಚಾರ. ಕೋಣೆ ಪರವಾಗಿಲ್ಲ. ಹೀಟರ್ ಮಾತ್ರ ತನಗೆ ಮನಸ್ಸು ಬಂದಾಗ ಬಿಸಿಯಾಗುತ್ತದೆ. ನಮ್ಮ ಹಲ್ ಊರಿನ ಚಿಪ್ಸ್ ಮಸಾಲೆ ಮುಗಿಯಿತು. ಇಲ್ಲಿಯವರಿಗೆ ಆಲೂಗಡ್ಡೆಯ ಮೇಲೆ ಉಪ್ಪು, ವಿನಿಗರ್ ಬಿಟ್ಟರೆ ಬೇರೆ ಲೋಕವೇ ಗೊತ್ತಿಲ್ಲ, ಇನ್ನೊಂದು ಡಬ್ಬಿ ಕಳಿಸಲು ಅಮ್ಮನಿಗೆ ಹೇಳು. ವಾರದಲ್ಲಿ ನಾಲ್ಕು ದಿನ ಬ್ಯಾಂಕು, ಒಂದು ದಿನ ಯೂನಿವರ್ಸಿಟಿ. ಬ್ಯಾಂಕಿನಲ್ಲಿ ನಮ್ಮನ್ನು ಕಾಲೇಜು ಮಕ್ಕಳು ಎನ್ನುತ್ತಾರೆ, ಯೂನಿವರ್ಸಿಟಿಯಲ್ಲಿ ಬ್ಯಾಂಕಿನವರು ಎನ್ನುತ್ತಾರೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಆದರೂ ಕೊನೆಗೆ ಡಿಗ್ರಿಯೂ ಸಿಗುತ್ತದೆ, ಕೆಲಸವೂ ಇರುತ್ತದೆ ಎಂದು ನಿನಗೆ ಹೇಳಿ ಹೇಳಿ ನನಗೇ ಸಾಕಾಗಿದೆ.

ನಿನಗದು ಹಿಡಿಸಲಿಲ್ಲ. ನನಗೆ ಡರ್ಹಮ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದಾಗ ನೀನು ನಿನ್ನ ಜೊತೆ ಇಟ್ಟಿಗೆ ಕಟ್ಟುವವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅದನ್ನು ಬಿಟ್ಟು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಅಪ್ರೆಂಟಿಸ್ ಆಗುತ್ತೇನೆ ಎಂದಾಗ, "ಅಪ್ರೆಂಟಿಸಾ? ನಮ್ಮನೇಲಿ ಒಬ್ಬ ಆಗಿದ್ದು ಸಾಲ್ದಾ?" ಎಂದು ಎದ್ದು ಶೆಡ್ಡಿಗೆ ಹೋದೆ. ಅಂದಿನಿಂದ ಈ ಕೆಲಸದ ಬಗ್ಗೆ ನೀನು ತುಟಿ ಪಿಟಕ್ಕೆಂದಿಲ್ಲ. ಆ ಕೆಲಸ ಕಳೆದ ವಾರ ಹೋಗುವುದರಲ್ಲಿತ್ತು. ಅದನ್ನು ನಾನೇ ಹೇಳಬೇಕು.

ನೀನು ತುಟಿ ಪಿಟಕ್ಕೆಂದಿಲ್ಲ ಎಂದದ್ದು ತಪ್ಪು, ನಾನು ಹೊರಡುವ ಹಿಂದಿನ ದಿನ ಒಂದು ಮಾತು ಹೇಳಿದ್ದೆ. "ಗುಳ್ಳೆ ತರೋಕೆ ಕಳ್ಸಿದ್ರೆ ಹೋಗ್ಬೇಡ." ಹದಿನಾರನೇ ವಯಸ್ಸಿನಲ್ಲಿ ನೀನು ಅಪ್ರೆಂಟಿಸ್ ಆಗಿದ್ದಾಗಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮೇಸ್ತ್ರಿ ನಿನ್ನ ಕೈಗೆ ಗೋಡೆಯ ಮಟ್ಟ ನೋಡುವ ರಸಮಟ್ಟ ಕೊಟ್ಟು, "ಇದರ ಗುಳ್ಳೆ ಸವ್ದೋಗಿದೆ, ಅಂಗಡೀಲಿ ಹೊಸದು ಹಾಕಿಸ್ಕೊಂಡ್ ಬಾ" ಎಂದು ಕಳಿಸಿದ್ದ. ಅಂಗಡಿಯವನು "ನಮ್ಮಲ್ಲಿ ಖಾಲಿ, ಮುಂದಿನ ಅಂಗಡೀಲಿ ಕೇಳು" ಎಂದ. ಹಾಗೆ ಹೋಲ್ಡರ್ನೆಸ್ ರಸ್ತೆಯುದ್ದಕ್ಕೂ ಅಲೆದು ಮಳೆಯಲ್ಲಿ ನೆನೆದು ವಾಪಸು ಬಂದರೆ ಎಲ್ಲರೂ ಟೀ ಹಿಡಿದು ಸಾಲಾಗಿ ನಿಂತು ನಗುತ್ತಿದ್ದರು. ಗಾಜಿನ ಕೊಳವೆಯೊಳಗಿನ ಗಾಳಿಗುಳ್ಳೆಯನ್ನು ಯಾರೂ ಮಾರುವುದಿಲ್ಲ ಎಂದು ಆಗ ಹೊಳೆಯಿತಂತೆ.

ಜನವರಿಯವರೆಗೆ ನಮಗೆ ಬರೀ ತರಬೇತಿ. ಆಮೇಲೆ ನನ್ನನ್ನು ಡೆರಿಕ್ ಎಂಬ ಹಿರಿಯರ ಕೈಕೆಳಗೆ ಹಾಕಿದರು. ನಿವೃತ್ತಿಗೆ ಹತ್ತಿರವಿರುವ, ಮೂರು ಹೊತ್ತೂ ತಮಾಷೆಯ ಮನುಷ್ಯ. ಮೊದಲ ದಿನವೇ ಗಂಭೀರವಾಗಿ, "ಕೆಳಗೆ ರಿಸೆಪ್ಷನ್ನಲ್ಲಿ ನಿನ್ನ ವೈಫೈ ಕೇಬಲ್ ಇಟ್ಟಿದಾರೆ, ತಗೊಂಡ್ ಬಾ ಕಣಮ್ಮ" ಎಂದರು. "ಆಗ್ಲೇ ತಂದು ನಿಮ್ಮ ಮೇಜಿನ ಮೇಲಿಟ್ಟೆ, ಕಾಣ್ತಿಲ್ವಾ?" ಎಂದೆ. ಅಕ್ಕಪಕ್ಕದವರೆಲ್ಲ ಅವರನ್ನೇ ನೋಡಿ ನಕ್ಕರು. ಆ ದಿನ ನಿನ್ನ ಮಗಳೆಂದು ನನಗೆ ಬಹಳ ಹೆಮ್ಮೆಯಾಯಿತು.

ಕಳೆದ ತಿಂಗಳ ಕೊನೆಯ ವಾರ ನಾನು ಸ್ವಂತವಾಗಿ ಮಾಡಿದ ಮೊದಲ ಬದಲಾವಣೆ ಸಿದ್ಧವಾಯಿತು. ಬ್ಯಾಂಕಿನ ಆ್ಯಪ್‌ನಲ್ಲಿ ಖಾತೆಯ ಮೊತ್ತದ ಕೆಳಗೆ ಬರುವ ಒಂದು ಸಾಲು, ಅಷ್ಟೇ. ಗುರುವಾರ ಡೆರಿಕ್ ನೋಡಿ, "ಚೆನ್ನಾಗಿದೆ. ಆದ್ರೆ ಫ್ರೀಜ್ ಇದೆ. ನಾಲ್ಕನೇ ಮಹಡೀಲಿ ಹಿಲರಿ ಅಂತಿದಾರೆ, ಅವರ ಹತ್ರ ಫ್ರೀಜ್ ಬಿಡಿಸ್ಕೊಂಡ್ ಬಾ" ಎಂದರು. ಮುಖದಲ್ಲಿ ಅದೇ ನಗು. ಫ್ರೀಜ್ ಬಿಡಿಸ್ಕೊಂಡು ಬರೋದಂತೆ! ಇದು ಗುಳ್ಳೆಯೇ ಎಂದುಕೊಂಡೆ. ಕ್ಯಾಂಟೀನಿಗೆ ಹೋಗಿ ಟೀ ಕುಡಿದು, ಅವರಿಗೂ ಒಂದು ಕಪ್ ತಂದು, "ಬಿಡಿಸ್ಕೊಂಡ್ ಬಂದೆ. ಹಿಲರಿ ನಿಮ್ಮನ್ನ ಕೇಳ್ದೆ ಅಂದ್ರು" ಎಂದೆ. "ಆಯಮ್ಮ ನನ್ನ ಕೇಳಿದ್ಲಾ!" ಎಂದು ಖುಷಿಯಾಗಿ, ನನ್ನ ಬದಲಾವಣೆಯನ್ನು ಆ್ಯಪ್‌ಗೆ ಸೇರಿಸುವ ಒಪ್ಪಿಗೆಯ ಗುಂಡಿ ಒತ್ತಿದರು. ಅವರೂ ಆಟ ಮುಂದುವರಿಸುತ್ತಿದ್ದಾರೆ ಎಂದೇ ನಾನು ತಿಳಿದೆ.

ಅಪ್ಪ, ಫ್ರೀಜ್ ನಿಜ. ಹಿಲರಿಯೂ ನಿಜ. ಊರಿಗೆಲ್ಲ ಸಂಬಳ ಬೀಳುವ ವಾರ ಹಿಲರಿಯ ಒಪ್ಪಿಗೆಯಿಲ್ಲದೆ ಯಾರೂ ಏನನ್ನೂ ಬದಲಿಸಬಾರದು. ಮರುದಿನ ಶುಕ್ರವಾರ ಬೆಳಗ್ಗೆ ಸಂಬಳದ ಹಣ ಖಾತೆಗಳಿಗೆ ಬಂದಿತ್ತು. ಆದರೆ ನನ್ನ ಸಾಲಿನಿಂದಾಗಿ ಆ್ಯಪ್ ಹಿಂದಿನ ದಿನದ ಮೊತ್ತವನ್ನೇ ತೋರಿಸುತ್ತಿತ್ತು. ಹಣ ಎಲ್ಲೂ ಹೋಗಿರಲಿಲ್ಲ, ಕಾಣಿಸುತ್ತಿರಲಿಲ್ಲ ಅಷ್ಟೇ. ಜನ ತಿಂಡಿ ತಿನ್ನುವ ಹೊತ್ತಿನಲ್ಲಿ ಫೋನುಗಳು ಹೊಡೆದುಕೊಳ್ಳತೊಡಗಿದವು. ಡೆರಿಕ್ ಕೂತು ಹಳೆಯದನ್ನು ವಾಪಸು ಹಾಕಿದರು. ಅವತ್ತಿಡೀ ಅವರು ಒಂದು ತಮಾಷೆಯನ್ನೂ ಮಾಡಲಿಲ್ಲ.

ಮೊನ್ನೆ ಬುಧವಾರ ಇದರ ವಿಚಾರಣೆ ಇತ್ತು. ಕೆಲಸದಲ್ಲಿ ನನ್ನ ಪ್ರೊಬೇಷನ್ ಮುಗಿಯುವುದೂ ಅದೇ ವಾರ. ಕೆಲಸ ಹೋದರೆ ಡಿಗ್ರಿಯೂ ಹೋಗುತ್ತದೆ, ಡರ್ಹಮ್ ಅಂತೂ ಕಾಯುತ್ತ ಕೂತಿರುವುದಿಲ್ಲ. ವಿಚಾರಣೆ ನಡೆಸಿದವರು ಸ್ವತಃ ಹಿಲರಿ. ಕುಳ್ಳಗೆ, ಹೆಣಿಗೆಯ ಕಾರ್ಡಿಗನ್ ಹಾಕಿಕೊಂಡ ಹೆಂಗಸು. "ಯಾರು ಮಾಡಿದ್ದು ಅಂತ ಇಲ್ಲಿ ಯಾರೂ ಕೇಳಲ್ಲ. ಹೇಗಾಯ್ತು ಅಂತ ಅಷ್ಟೇ" ಎಂದರು. ಇಲ್ಲಿಯ ಪದ್ಧತಿಯೇ ಹಾಗೆ. ಡೆರಿಕ್ ಮುಂದಾಗಿ, "ನಾನೇ ಸರಿಯಾಗಿ ಬಿಡಿಸಿ ಹೇಳ್ಲಿಲ್ಲ" ಎಂದುಬಿಟ್ಟರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಎದ್ದು ನಿಂತು ನಿನ್ನ ಗುಳ್ಳೆಯ ಕಥೆಯಿಂದ ಶುರುಮಾಡಿ ಟೀ ಕಪ್ಪಿನವರೆಗೆ ಎಲ್ಲವನ್ನೂ ಹೇಳಿದೆ. ಕೊನೆಗೆ ಹಿಲರಿ, "ನಾಲ್ಕನೇ ಮಹಡಿ ಅಂತ ಒಂದಿದೆ ಅಂತಾದ್ರೂ ನಂಬಿದ್ಯಾ?" ಎಂದರು. ಎಲ್ಲರೂ ನಕ್ಕರು, ಅವರು ಮಾತ್ರ ನಗಲಿಲ್ಲ. "ತಮಾಷೆ ಅಂದ್ಕೊಂಡಿದ್ದು ತಪ್ಪಲ್ಲ. ಹೋಗ್ದೇನೇ ಹೋಗಿದ್ದೆ ಅಂದ್ಯಲ್ಲ, ಅದು ತಪ್ಪು. ಇನ್ನೊಂದ್ಸಲ ಹಂಗಂದ್ರೆ ನಾನೇ ನಿನ್ನ ಮನೆಗೆ ಕಳಿಸ್ತೀನಿ" ಎಂದರು. ಈಗ ಹಿಲರಿಯ ಒಪ್ಪಿಗೆಯಿಲ್ಲದೆ ಆ ಗುಂಡಿಯೇ ಕೆಲಸ ಮಾಡದಂತೆ ಕಟ್ಟಿದ್ದಾರೆ. ಹೊಸಬರನ್ನು ಆಟ ಆಡಿಸಕೂಡದು ಎಂದು ಡೆರಿಕ್‌ಗೆ ತಾಕೀತಾಗಿದೆ, ಪಾಪ, ಅನ್ನ ಕಿತ್ತುಕೊಂಡ ಹಾಗೆ ಕೂತಿರುತ್ತಾರೆ. ಮೊನ್ನೆ ಶುಕ್ರವಾರ ನನ್ನ ಪ್ರೊಬೇಷನ್ ಮುಗಿದ ಕಾಗದಕ್ಕೆ ಸಹಿ ಬಿತ್ತು. ಕೆಲಸ ಉಳಿಯಿತು.

ನಿನ್ನ ಮಾತಿಗೆ ನನ್ನದೊಂದು ತಿದ್ದುಪಡಿ ಇದೆ, ಬೈಯಬೇಡ. ಗುಳ್ಳೆ ತರೋಕೆ ಕಳ್ಸಿದ್ರೂ ಹೋಗಬೇಕು. ನೀನು ಅವತ್ತು ನಗೆಪಾಟಲಾದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೀಯ. ಆದರೆ ನೀನು ಪ್ರತಿ ಅಂಗಡಿಗೂ ನಿಜವಾಗಿ ಹೋಗಿ ಕೇಳಿದ್ದೆ. ನಮ್ಮಿಬ್ಬರಲ್ಲಿ ಒಳ್ಳೆಯ ಅಪ್ರೆಂಟಿಸ್ ನೀನೇ.

ಮುಂದಿನ ಸಲ ಫೋನ್ ಮಾಡಿದಾಗ ಸ್ವಲ್ಪ ಹೊತ್ತು ಹಿಡಿದುಕೋ.

ನಿನ್ನ ಮಗಳು,
ಟೆಸ್ಸಾ

ತಾ. ಕ.: ಆ ಸಂಬಳದ ಶುಕ್ರವಾರ ಸಂಜೆ ಅಮ್ಮ ಫೋನಿನಲ್ಲಿ ನಗುತ್ತ ಒಂದು ಸುದ್ದಿ ಹೇಳಿದಳು. ಬೆಳಗ್ಗೆ ಸೈಟಿನ ತಿಂಡಿ ಗಾಡಿಯ ಮುಂದೆ ನೀನು ಫೋನ್ ನೋಡಿ, ಸಂಬಳ ಬಂದಿಲ್ಲವೆಂದು, ಜೊತೆಗೆ ಕೆಲಸ ಮಾಡುವ ಹುಡುಗರಿಗೆ ಪ್ರತಿ ತಿಂಗಳು ಕೊಡಿಸುವ ಬೇಕನ್ ಬನ್ನು "ಇವತ್ತಿಲ್ಲ ಕಣ್ರೋ" ಎಂದು ತಲೆ ತಗ್ಗಿಸಿ ವಾಪಸಾದೆಯಂತೆ. ಅಪ್ಪನ ಖಾತೆ ಮೊದಲಿಂದ ಆ ಹಳೇ ಸೊಸೈಟಿಯಲ್ಲಲ್ಲವಾ, ಅಲ್ಲಿಗೇನಾಯಿತು ಎಂದು ಕೇಳಿದೆ. ಅಮ್ಮ ದನಿ ತಗ್ಗಿಸಿ, "ನಾನ್ ಹೇಳ್ದೆ ಅನ್ಬೇಡ. ನೀನು ಸೇರಿದ್ ವಾರಾನೇ ನಿಮ್ ಬ್ಯಾಂಕಿಗೆ ಬದ್ಲಾಯ್ಸ್ಕೊಂಡ. ಸೈಟಲ್ಲಿ ಎಲ್ರಿಗೂ ಆ ಆ್ಯಪ್ ತೆಗೆದು ತೋರಿಸ್ತಾನೆ, ನನ್ ಮಗಳು ಮಾಡೋದು ಇದು ಅಂತ" ಎಂದಳು. ಬುಧವಾರ ನಾನು ಎದ್ದು ನಿಂತದ್ದು ಅದಕ್ಕೆ. ಲಕೋಟೆಯಲ್ಲಿರುವ ನೋಟು ಹುಡುಗರ ಬನ್ನಿಗೆ. ಮಗಳು ಕೊಡಿಸಿದ್ದು ಅಂತ ಹೇಳು.